ಇಪ್ಪತ್ತೈದು

ಬೆಳಿಗ್ಗೆ ಆರಕ್ಕೆ, ದುದ್ದದ ಹಾಲಿನ ಸೊಸೈಟಿಯಲ್ಲಿ
ಲ್ಯಾಕ್ಟೋಮೀಟರು ಇಪ್ಪತ್ತೈದಕ್ಕೆ ನಿಂತರೆ
ನಾನು ತಲೆ ಎತ್ತುವುದಿಲ್ಲ.
‘ನೀರು’ ಅನ್ನುತ್ತೇನೆ, ಅಷ್ಟೆ.
ದ್ಯಾವಮ್ಮ ಕ್ಯಾನು ಎತ್ತಿಕೊಂಡು
ಹಸುವಿನ ಮೇಲೆ ಆಣೆ ಇಡುತ್ತಾಳೆ.

ರಾತ್ರಿ, ಹಾಸನದ ಸಂತೆಪೇಟೆಯ ಮನೆಯಲ್ಲಿ
ಮೂರಡಿ ಗಾಜಿನೊಳಗೆ
ಬಕೆಟ್ಟಿನಲ್ಲಿ ಕದಡಿದ ಕಡಲು.
ಅದಕ್ಕೂ ಒಂದು ತೇಲುಕಡ್ಡಿ,
ಅದೇ ವಂಶದ್ದು, ದೂರದ ನೆಂಟ.
ಅಂಟಿದ ಗುಳ್ಳೆ ಸುಳ್ಳು ಹೇಳಿಸೀತೆಂದು
ಬೆರಳಲ್ಲಿ ತಿರುಗಿಸಿ ಬಿಡುತ್ತೇನೆ,
ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಓದುತ್ತೇನೆ:
ಇಪ್ಪತ್ತೇಳು.

ಫ್ಯಾನಿನ ಗಾಳಿಗೆ ಹೋದದ್ದು ಬರೀ ನೀರು.
ಉಪ್ಪು ಎಲ್ಲಿಗೂ ಹೋಗುವುದಿಲ್ಲ,
ಮುಚ್ಚಳದ ಅಂಚಿಗೆ ಬಿಳಿ ಹೊಟ್ಟಾಗಿ ಕೂತದ್ದು ಬಿಟ್ಟರೆ.

ಮೊದಲ ವರ್ಷ ಇದು ಗೊತ್ತಿರಲಿಲ್ಲ.
ಮಟ್ಟ ಇಳಿದಾಗಲೆಲ್ಲ ಉಪ್ಪುನೀರೇ ಸುರಿದೆ,
ಪ್ರೀತಿಯಿಂದ.
ಎರಡು ಸೀಗಡಿ ಸತ್ತವು.
ಮೂರನೆಯದು ಕಲ್ಲಿನಡಿ ಹೋದದ್ದು ಬರಲೇ ಇಲ್ಲ.

ಈಗ ಫಿಲ್ಟರಿನ ಸಪ್ಪೆ ನೀರು, ಚೊಂಬಿನಿಂದ,
ಅರ್ಧ ಇವತ್ತು, ಅರ್ಧ ನಾಳೆ.
ಕಿತ್ತಳೆ ಮೀನೊಂದು ಕಡಲಹೂವಿನ ಬೆರಳುಗಳ ನಡುವಿನಿಂದ
ತನಿಖೆಗೆ ಬಂದವರ ಹಾಗೆ ನೋಡುತ್ತದೆ.

ನೀರು ಬೆರೆಸುತ್ತಿದ್ದೇನೆ, ದ್ಯಾವಮ್ಮ,
ಕೈ ನಡುಗದೆ,
ಕಡ್ಡಿ ಇಪ್ಪತ್ತೈದಕ್ಕೆ ಇಳಿಯುವವರೆಗೆ.