ಜರಿ ಅಂಗಿ

ಇಪ್ಪತ್ತೊಂಬತ್ತು ವರ್ಷ ಮರ್ಮಗೋವಾ ಬಂದರಿನಲ್ಲಿ
ಯಾವ ಹಡಗಿಗೆ ಯಾವ ಕಟ್ಟೆ ಎಂದು ಬರೆದವನು ನಾನು.
ಅದಿರಿನದು, ಕಲ್ಲಿದ್ದಲಿನದು,
ಒಮ್ಮೆ ಬರೇ ಈರುಳ್ಳಿ ಹೊತ್ತು ನಾರುತ್ತ ಬಂದದ್ದು,
ಎಲ್ಲವೂ ಹೊರಗೆ ಲಂಗರು ಇಳಿಸಿ ಕಾಯುತ್ತಿದ್ದವು
ನನ್ನ ಪೆನ್ಸಿಲು ಏಳುವವರೆಗೆ.
ಹಡಗಿಗೆ ತಾಳ್ಮೆ ಜಾಸ್ತಿ.
ಹಸಿವು ಅನ್ನುವುದಿಲ್ಲ, ಒಂದಕ್ಕೆ ಹೋಗಬೇಕು ಅನ್ನುವುದಿಲ್ಲ.

ಆ ನಂಬಿಕೆಯ ಮೇಲೆಯೇ ಫಿಲೊಮಿನಾ ಟೀಚರು
ದೊಡ್ಡ ಹಾಳೆಯೊಂದನ್ನು ಮನೆಗೇ ತಂದು ಹಾಸಿದರು.
'ಕತ್ತಿವರಸೆ. ಹದಿನಾಲ್ಕರ ಒಳಗಿನ ಹುಡುಗಿಯರು.
ನಾಲ್ಕು ಅಂಕಣ, ಒಂದೇ ದಿನ. ನೀವೇ ಕೂಡಿಸಿಕೊಡಿ.'

ಕೂಡಿಸಿದೆ.
ಇಪ್ಪತ್ಮೂರು ಹೆಸರು; ಒಬ್ಬಳಿಗೆ ಜ್ವರ, ಇಪ್ಪತ್ತೆರಡು.
ಆರರ ಗುಂಪು ಎರಡು, ಐದರದು ಎರಡು,
ಒಳಗೊಳಗೇ ಎಲ್ಲರೂ ಎಲ್ಲರೊಡನೆ: ಐವತ್ತು ಪಂದ್ಯ.
ಒಂದಕ್ಕೆ ಮೂರು ನಿಮಿಷ ಅನ್ನುತ್ತದೆ ಪುಸ್ತಕ.
ಬೂಟಿನ ಲಾಡಿಗೆ, ವೈರು ಸಿಕ್ಕಿಸಲಿಕ್ಕೆ,
ಅಳುವುದಿದ್ದರೆ ಅಳಲಿಕ್ಕೆ
ಇನ್ನೆರಡು ನಾನೇ ಸೇರಿಸಿದೆ.

ಝುವಾರಿನಗರದಿಂದ ಐವರು. ಗುಂಪು ನಾಲ್ಕೇ.
ಎಲ್ಲಿ ಹಾಕಿದರೂ ಒಂದು ಕಡೆ ಇಬ್ಬರು ಕೂಡಲೇಬೇಕು.
ಮೂರನೇ ಗುಂಪಿಗೆ ಬಿದ್ದರು
ನೀಲವ್ವ ತಳವಾರ, ಮೆಹಜಬೀನ ನದಾಫ.
ಒಂದೇ ಕ್ಲಬ್ಬಿನವರಿದ್ದರೆ ಅವರ ಪಂದ್ಯವೇ ಮೊದಲು, ಅದು ನಿಯಮ.
ಕೊನೆಗಿಟ್ಟರೆ ಲೆಕ್ಕ ನೋಡಿ
ಒಬ್ಬಳಿಗೊಬ್ಬಳು ಬಿಟ್ಟುಕೊಟ್ಟಾಳು ಅಂತ.
ಒಪ್ಪಿದೆ. ಬರೆದೆ. ಒಂಬತ್ತು ಗಂಟೆ, ಮೂರನೇ ಅಂಕಣ.

ಬೆಳಿಗ್ಗೆ ಎಂಟೂಮುಕ್ಕಾಲು. ವಾಸ್ಕೋದ ಶಾಲೆಯ ಹಾಲು.
ಬೆಳಗಾವಿಯ ತೀರ್ಪುಗಾರ ಇನ್ನೂ ಘಾಟಿಯಲ್ಲಿ, ರೈಲು ನಿಂತಿದೆಯಂತೆ.
ನಾಲ್ಕನೇ ಅಂಕಣದ ಪೆಟ್ಟಿಗೆ ಯಾರೂ ಮುಟ್ಟದೆಯೇ ಕೆಂಪಗೆ ಉರಿಯುತ್ತಿದೆ.
ಆಗ ಮೇಜಿನ ಅಂಚಿಗೆ ಎರಡು ಗದ್ದ.
'ಸರ್, ನಮ್ಮಿಬ್ಬರ ನಡುವ ಜರಿ ಅಂಗಿ ಒಂದ ಐತ್ರಿ.'

ಜರಿ ಅಂಗಿ! ಲೋಹದ ನೂಲಿನದು,
ಮೊನೆ ತಾಗಿದರೆ ದೀಪ ಹತ್ತಿಸುವ ಅಂಗಿ,
ಮದುವೆಯ ಸೀರೆಯೋ ಎಂಬಂತೆ ಹೇಳಿದಳು ನೀಲವ್ವ.
'ಒಬ್ಬಾಕಿ ಆಡಿ ಬಿಚ್ಚಿ ಕೊಡ್ತೀವ್ರಿ, ಇನ್ನೊಬ್ಬಾಕಿ ಹಾಕ್ಕೋತಾಳ.
ಮೂರ ವರ್ಷ ಆತು.
ದೀಪ ಹಚ್ಚಿ ನಾವಿಬ್ಬರ ಎದುರಾಬದುರು ಆಡೇ ಇಲ್ರಿ.'
ಮೆಹಜಬೀನ ಹೌದೆಂದು ಮೂಗು ಒರೆಸಿಕೊಂಡಳು.

ರಬ್ಬರು ಕೈಗೆ ಬಂತು.
ಬಿಟ್ಟುಕೊಟ್ಟಾರು ಎಂದು ಹೆದರಿ ಬರೆದ ನಿಯಮ,
ಬಿಟ್ಟುಕೊಟ್ಟುಕೊಂಡೇ ಇಲ್ಲಿಯವರೆಗೆ ಬಂದ ಇಬ್ಬರು.
ಅಳಿಸಲೂ ಆಗದು. ಹಡಗಾಗಿದ್ದರೆ
ಹೊರಗೆ ನಿಲ್ಲು ಎಂದು ಬಾವುಟ ತೋರಿಸುತ್ತಿದ್ದೆ.

ಅದೇ ಗುಂಪಿನ ಪಣಜಿಯ ಝೆನೋವಿಯಾಳ ಪಂದ್ಯ ನಾಲ್ಕನೆಯದು.
ಕೇಳಿದೆ. ಅವಳಮ್ಮ, 'ಹೊಸದು. ಬೆವರು...' ಅನ್ನುವಷ್ಟರಲ್ಲಿ
ಹುಡುಗಿ ಜಿಪ್ಪು ಎಳೆದು ಕೈಯಲ್ಲಿ ಹಿಡಿದಿದ್ದಳು,
ಬಾಯಲ್ಲಿ ಚೂಯಿಂಗ್ ಗಮ್ಮು, ಮುಖದಲ್ಲಿ ಏನೂ ಇಲ್ಲ.
ಮೆಹಜಬೀನಳಿಗೆ ಅದು ಮೊಣಕಾಲಿನವರೆಗೆ.
ಟೀಚರು ಬೆನ್ನ ಮೇಲೆ ನಾಲ್ಕು ಪಿನ್ನು ಚುಚ್ಚಿದರು.

ಒಂಬತ್ತು ಹದಿನೇಳಕ್ಕೆ ಸಲಾಮು ಹೊಡೆದರು, ಮುಖವಾಡ ಇಳಿಸಿದರು.
ಆಮೇಲೆ ಅವರು ಆಡಿದ್ದನ್ನು ಏನೆನ್ನಲಿ.
ಒಬ್ಬಳ ಭುಜ ಯಾವಾಗ ಏಳುತ್ತದೆ ಎಂದು ಇನ್ನೊಬ್ಬಳಿಗೆ ಗೊತ್ತು,
ಗೊತ್ತೆಂಬುದೂ ಗೊತ್ತು.
ಒಂದು ಹನಿ ದಯೆ ಇಲ್ಲ.
ಹಸಿರು, ಕೆಂಪು, ಕೆಂಪು, ಹಸಿರು,
ಐದು ನಾಲ್ಕು.
ಗೆದ್ದವಳು ಮೊದಲು ಕೇಳಿದ್ದು, 'ನೋಯ್ತೇನಲೇ?'

ದಿನ ನಲವತ್ತು ನಿಮಿಷ ತಡವಾಗಿ ಮುಗಿಯಿತು.
ಭಾಜಿ-ಪಾವ್ ಸಾಲಲಿಲ್ಲ. ಫ್ಯೂಸು ಎರಡು ಸಲ ಹೋಯಿತು.
ಪದಕ ಫೋಂಡಾದವಳಿಗೆ;
ಇವರಿಬ್ಬರೂ ಎಂಟರ ಸುತ್ತಿಗೂ ಬರಲಿಲ್ಲ,
ಆದರೆ ಕೊನೆಯವರೆಗೆ ಕೂತು
ಝೆನೋವಿಯಾಳಿಗೆ ಕೂಗಿದರು, ಕನ್ನಡದಲ್ಲಿ.

ಹಾಲು ಗುಡಿಸಿದ ಮೇಲೆ ಮುಂದಿನ ತಿಂಗಳ ಹಾಳೆ ಬಿಡಿಸಿದೆ.
ಹೆಸರು, ವಯಸ್ಸು, ಕ್ಲಬ್ಬು.
ಸ್ಕೇಲು ಇಟ್ಟು ಇನ್ನೊಂದು ಕಲಮು ಎಳೆದೆ,
ತಲೆಯಲ್ಲಿ ಬರೆದೆ: ಅಂಗಿ.
ಹೊರಗೆ ಯಾವುದೋ ಹಡಗು ಉದ್ದಕ್ಕೆ ಕೂಗಿತು.
ಕಾಯಲಿ. ಅದು ಈಗ ನನ್ನ ಲೆಕ್ಕದಲ್ಲಿಲ್ಲ.