ನಲವತ್ತೊಂದನೆಯ ನಡೆ

ಮುಹರಕ್ಕಿನ ಮೀನುಪೇಟೆಯ ಹಿಂದಿನ ಗಲ್ಲಿಯಲ್ಲಿ
ಎರಡು ಕುರ್ಚಿಯ ಸೆಲೂನು.
ಕೂದಲು ಗುಡಿಸುವವನು ನಾನು;
ಕತ್ತರಿ ಹಿಡಿದವರು ಪಾಣೆಮಂಗಳೂರಿನ ಐತಪ್ಪ ಭಂಡಾರಿ,
ಎರಡು ಸಲ ರಾಜ್ಯ ಚಾಂಪಿಯನ್.
ಗೆದ್ದ ಕಪ್ಪುಗಳಲ್ಲೊಂದು ಇಲ್ಲೇ ಇದೆ,
ಅದರ ತುಂಬ ಬಾಚಣಿಗೆ.

ಶುಕ್ರವಾರ ನಮಾಜು ಮುಗಿಸಿ ಬು ರಾಶಿದ್ ಬರುತ್ತಾನೆ,
ಮುತ್ತಿನ ಹಡಗಿನ ನಾಖುದನ ಮಗ, ಒಂದು ಕಿವಿ ಮಂದ.
ಕೊರಳಿಗೆ ಬಿಳಿ ಬಟ್ಟೆ ಸುತ್ತುತ್ತಿದ್ದಂತೆ ಆಟ ಶುರು.
ಹಲಗೆಯಿಲ್ಲ, ಕಾಯಿಯಿಲ್ಲ.
ನೊರೆಯೊಳಗಿಂದ ಅವನೊಂದು ಮನೆ ಹೇಳುತ್ತಾನೆ,
ತೊಗಲಿಗೆ ಕತ್ತಿ ಮಸೆಯುತ್ತ ಇವರೊಂದು.

ಜಗಳವೆಲ್ಲ ಒಂದೇ ಕಾಯಿಗೆ.
ಓರೆಯಾಗಿ ಓಡುವ ಅದು ಇವರಿಗೆ ಒಂಟೆ,
ಅವನಿಗೆ ಫೀಲ್, ಅಂದರೆ ಆನೆ.
ಒಂಟೆಯ ಮುಖ ಕಾಣದ ನೇತ್ರಾವತಿ ದಡದವರಿಗೆ ಒಂಟೆ,
ಒಂಟೆಹಾಲು ಕುಡಿದು ಬೆಳೆದವನಿಗೆ ಆನೆ!
"ಆನೆ ಇರುವುದು ಮೂಲೆಯಲ್ಲಿ ಮಾರಾಯ."
"ಮೂಲೆಯಲ್ಲಿರುವುದು ಕೋಟೆ."
ಇಪ್ಪತ್ತು ವರ್ಷದಿಂದ ಇದೇ.

ಎಂಬತ್ತಾರು, ದಾವಣಗೆರೆ, ಕೊನೆಯ ಸುತ್ತು.
ನಲವತ್ತು ನಡೆಗೆ ರಾತ್ರಿ ಹತ್ತಾಗಿ ಆಟ ನಾಳೆಗೆ ನಿಂತಿತು.
ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು,
ಲಕೋಟೆಗೆ ಅಂಟು ಹಚ್ಚಿ ಕೊಟ್ಟು
ಲಾಡ್ಜಿಗೆ ಬಂದರೆ ಭಾವನ ಟ್ರಂಕ್ ಕಾಲ್:
ವೀಸಾ ಆಗಿದೆ, ನಾಳೆ ರಾತ್ರಿ ಬೊಂಬಾಯಿಂದ ವಿಮಾನ,
ತಿಂಗಳಿಗೆ ನಲವತ್ತೈದು ದಿನಾರು.

ಬೆಳಿಗ್ಗೆ ಅಲ್ಲಿ ಲಕೋಟೆ ಹರಿದರು, ನಡೆ ಇಟ್ಟರು,
ಎದುರಾಳಿ ಉತ್ತರವಿಟ್ಟು ಗಡಿಯಾರದ ಗುಂಡಿ ಒತ್ತಿದ.
ಇವರ ಗಡಿಯಾರ ಖಾಲಿ ಕುರ್ಚಿಯೆದುರು ಓಡಿತು.
ಇವರು ಆಗ ಕೊಲ್ಹಾಪುರದಲ್ಲಿ ನಿಂತು ವಡೆ ತಿನ್ನುತ್ತಿದ್ದರು.

"ಸೋತದ್ದಕ್ಕೆ ಬೇಜಾರಿಲ್ಲ" ಎನ್ನುತ್ತಾರೆ.
"ಅವ ಏನು ಉತ್ತರ ಇಟ್ಟ ಅಂತ ಯಾರೂ ಬರೆಯಲಿಲ್ಲ.
ಕಾಗದ ಹಾಕಿದೆ. ಮೂರು ಹಾಕಿದೆ."

ಆ ನಲವತ್ತು ನಡೆ ಬು ರಾಶಿದನಿಗೂ ಬಾಯಿಪಾಠ.
ನಲವತ್ತೊಂದನ್ನು ಮಾತ್ರ ಇವರು ಹೇಳಿರಲಿಲ್ಲ,
ಅವನೂ ಕೇಳಿರಲಿಲ್ಲ.
ಮೊನ್ನೆ, ಮೀಸೆ ಮಟ್ಟಮಾಡುವಾಗ, ಕೇಳಿಯೇಬಿಟ್ಟ.

ಕತ್ತರಿ ನಿಂತಿತು.
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳಿಸಿತು.
"ಒಂಟೆ" ಎಂದರು. "ಒಂಟೆಯನ್ನೇ ಬಲಿ ಕೊಟ್ಟೆ, ಎಚ್ ಏಳಕ್ಕೆ."

ಬು ರಾಶಿದ್ ಕಣ್ಣು ಮುಚ್ಚಿದ.
ನಿದ್ದೆ ಹೋದನೆಂದುಕೊಂಡು ನಾನು ಮೂಲೆಯನ್ನೆಲ್ಲ ಗುಡಿಸಿ ಮುಗಿಸಿದೆ.
ಆಮೇಲೆ, ಕಣ್ಣು ತೆರೆಯದೆಯೇ:
"ಆ ಆನೆಯನ್ನು
ನಾನಾಗಿದ್ದರೆ ತಿನ್ನುತ್ತಿರಲಿಲ್ಲ."

ಭಂಡಾರಿಯವರು ತಿದ್ದಲಿಲ್ಲ.
ಮೀಸೆ ಮುಗಿದಿತ್ತು, ಗಡ್ಡ ಮುಗಿದಿತ್ತು,
ಕುತ್ತಿಗೆಗೆ ಪೌಡರೂ ಬಿದ್ದಿತ್ತು.
ಬಿಚ್ಚಿದ ಬಟ್ಟೆಯನ್ನು ಮತ್ತೆ ಸುತ್ತಿ,
ನುಣ್ಣಗಿನ ಆ ಕೆನ್ನೆಗೆ
ಇನ್ನೊಮ್ಮೆ ನೊರೆ ಹಚ್ಚತೊಡಗಿದರು.