ಬಿಲ್ಲೆ

ಮೂರು ಸಲ ಇಳಿಸಿದೆ, ಮೂರು ಸಲ ಅಳಿಸಿದೆ.
ತೊಂಬತ್ತೊಂಬತ್ತಕ್ಕೆ ಬಂದು ಬ್ರೌಸರ್
ಹೊಸ್ತಿಲಲ್ಲೇ ಕೂತುಬಿಡುತ್ತದೆ
ಮುನಿಸಿಕೊಂಡ ಬೀಗರ ಹಾಗೆ.

ಆಂಟಿವೈರಸ್ ಆರಿಸಿದೆ. ಕೇಬಲ್ ಕಿತ್ತು ಊದಿದೆ,
ಅರಸೀಕೆರೆ ಸ್ಟೇಷನ್ ರೋಡಿನ ಧೂಳು ಕೆಮ್ಮಿಸಿತು.
ಹಾರನಹಳ್ಳಿಯ ಓಂಕಾರಮ್ಮ
ಪಿಂಚಣಿ ಕಾಗದ ಮಡಿಲಲ್ಲಿಟ್ಟು
'ಕರೆಂಟಿಲ್ವಾ?' ಅಂತಾರೆ
ತಿರುಗೋ ಫ್ಯಾನಿನ ಕೆಳಗೇ ಕೂತು.

ಆಮೇಲೆ ಕಂಡಿತು, ಪರದೆಯ ಮೂಲೆಯಲ್ಲಿ, ಇರುವೆಯಷ್ಟು:
ಜನವರಿ ಒಂದು, ಎರಡು ಸಾವಿರದ ಒಂಬತ್ತು.
ನಾಳೆ ಹುಟ್ಟುವವನ ಸಹಿಯನ್ನು
ಈ ಯಂತ್ರ ಹೇಗೆ ತಾನೆ ನಂಬೀತು?

'ಒಂಬತ್ತಾ? ಆಗ ನಮ್ಮೋರಿದ್ರು' ಅಂದರು ಓಂಕಾರಮ್ಮ.
'ಸಂತೆಯಿಂದ ಬೋಂಡ ತರೋರು. ಆರಿಹೋಗಿರೋದು.'

ಪಕ್ಕದ ವಾಚ್ ರಿಪೇರಿ ದಸ್ತಗೀರ್ ಸಾಬರು
ಸತ್ತ ಬಿಲ್ಲೆಯನ್ನು ಉಗುರಲ್ಲಿ ಎಬ್ಬಿಸಿ
ಹೊಸದನ್ನು ಕೂರಿಸಿದರು.
ಮೂವತ್ತು ರೂಪಾಯಿ.
ಟೈಮ್ ಎಷ್ಟು ಹಾಕಲಿ ಅಂದೆ.
ಅವರ ಗೋಡೆಯಲ್ಲಿ ನಲವತ್ತು ಗಡಿಯಾರ, ನಲವತ್ತು ಮಾತು.
'ಮೊಬೈಲಲ್ಲಿ ನೋಡ್ಕೊಳ್ಳಿ' ಅಂದರು.

ಬ್ರೌಸರ್ ಒಳಗೆ ಬಂತು,
ಏನೂ ಆಗದವರಂತೆ.
ಅರ್ಜಿ ತೆರೆಯಿತು. ನಾಲ್ಕನೇ ಖಾನೆ:
ಪತಿಯ ಮರಣದ ದಿನಾಂಕ.

'ವಸಿ ತಡೀರಿ' ಅಂದರು ಓಂಕಾರಮ್ಮ.
ಕರ್ಸರ್ ಮಿಟುಕುತ್ತಾ
ತಡೆಯಿತು.